ಡಿಸ್ಕಿಲ್ಲದ ಆಟದ ಯಂತ್ರವೂ ತಾಲ್ಲೂಕು ಪೇಟೆಯ ಅಂಗಡಿಯೂ

ಅರ್ಥಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಪೂರಕ ಸರಕುಗಳಿಗೆ ಕೊಡುವ ಉದಾಹರಣೆಗಳು ಸಾಮಾನ್ಯವಾಗಿ ಲೇಖನಿ ಮತ್ತು ಶಾಯಿ, ದೀಪ ಮತ್ತು ಎಣ್ಣೆ, ಮೋಟಾರು ಗಾಡಿ ಮತ್ತು ಪೆಟ್ರೋಲ್. ಒಂದರ ಬೆಲೆ ಇಳಿದರೆ ಮತ್ತೊಂದರ ಬೇಡಿಕೆ ಏರುತ್ತದೆಂಬ ಸೂತ್ರವನ್ನು ವಿದ್ಯಾರ್ಥಿಗಳು ಸುಲಭವಾಗಿ ಕಂಠಪಾಠ ಮಾಡುತ್ತಾರೆ. ಆದರೆ ಆ ಎರಡು ಸರಕುಗಳ ಒಡೆಯನು ಒಬ್ಬನೇ ಆಗಿದ್ದು, ಅವುಗಳಲ್ಲಿ ಒಂದು ಅಂಗಡಿಯ ಮೂಲಕವೂ ಇನ್ನೊಂದು ಅಂಗಡಿಯನ್ನು ಬಿಟ್ಟು ನೇರವಾಗಿಯೂ ಗ್ರಾಹಕನನ್ನು ತಲುಪುವ ಪಕ್ಷದಲ್ಲಿ, ನಡುವಿನ ಅಂಗಡಿಯವನ ಗತಿ ಏನು, ಅವನ ಗತಿಯಿಂದ ಬೆಲೆಯ ಮೇಲೆ ಆಗುವ ಪರಿಣಾಮವೇನು ಎಂಬ ಪ್ರಶ್ನೆಗೆ ಆ ಪುಸ್ತಕಗಳಲ್ಲಿ ಅಷ್ಟಾಗಿ ಉತ್ತರ ದೊರೆಯುವುದಿಲ್ಲ. ಡೌನ್‌ಲೋಡ್ ಒಂದನ್ನೇ ನಂಬಿ ತಯಾರಾದ, ಕೈಯಲ್ಲಿ ಹಿಡಿದು ಆಡತಕ್ಕ ಆಟದ ಯಂತ್ರಗಳ ನಿದರ್ಶನದಿಂದ ಈ ಪ್ರಶ್ನೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಆಟದ ಯಂತ್ರವೆಂದೊಡನೆ, ಇದು ಮಕ್ಕಳ ಗೊಡವೆ, ವಿಶ್ವವಿದ್ಯಾನಿಲಯದ ವಿಭಾಗಕ್ಕೆ ಇದರಿಂದಾಗಬೇಕಾದುದೇನು ಎಂದು ಕೇಳುವವರುಂಟು. ಬೀಡಿ, ಬೆಂಕಿಪೊಟ್ಟಣ, ಹುರಿಗಡಲೆಗಳ ವ್ಯಾಪಾರವನ್ನು ಅಭ್ಯಾಸ ಮಾಡಬಹುದಾದರೆ ಇದನ್ನೂ ಮಾಡಬಹುದು ಎಂಬುದಷ್ಟೇ ಅವರಿಗೆ ಸಮಾಧಾನ. ಅಲ್ಲದೆ ಹಾಡು, ಚಲನಚಿತ್ರ, ಪುಸ್ತಕ, ಪಾಠ ಇವೆಲ್ಲವೂ ವಸ್ತುರೂಪವನ್ನು ಕಳೆದುಕೊಂಡು ಮಾರಾಟವಾಗುತ್ತಿರುವ ಈ ಕಾಲದಲ್ಲಿ, ಆ ಬದಲಾವಣೆಯ ಲಾಭನಷ್ಟಗಳು ಆಟದ ಯಂತ್ರದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಿಸವು.

ಯಂತ್ರ ಹುಟ್ಟಿದ್ದು ಜಪಾನಿನಲ್ಲಾದರೂ, ಅದನ್ನು ಒರೆಗೆ ಹಚ್ಚಲು ಇಲ್ಲಿ ಆರಿಸಿಕೊಂಡಿರುವ ನೆಲ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು. ಶಿಕ್ಷಣ ಇಲಾಖೆಯು ಈ ನಾಲ್ಕನ್ನೂ ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಪರಿಗಣಿಸುತ್ತದೆ. ಆದರೆ ವ್ಯಾಪಾರದ ದೃಷ್ಟಿಯಿಂದ ಇವು ಒಂದೇ ಬಗೆಯವಲ್ಲ. ಶಿರಾ ಪಟ್ಟಣವು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಅಲ್ಲಿಗೆ ಸರಕು ಬರುವುದು ಕಷ್ಟವಲ್ಲ, ಗಿರಾಕಿಯು ಬಸ್ಸು ಹತ್ತಿ ತುಮಕೂರಿಗೋ ಬೆಂಗಳೂರಿಗೋ ಹೋಗಿಬಿಡುವುದೂ ಕಷ್ಟವಲ್ಲ. ಕೊರಟಗೆರೆಯು ಜಿಲ್ಲಾ ಕೇಂದ್ರಕ್ಕೆ ಸಮೀಪದಲ್ಲಿರುವುದರಿಂದ ಅದರ ಪೇಟೆ ತುಮಕೂರಿನ ನೆರಳಿನಲ್ಲಿ ಬೆಳೆದಿದೆ. ಮಧುಗಿರಿಯು ಉಪವಿಭಾಗದ ಕೇಂದ್ರವಾದುದರಿಂದ ಕಚೇರಿ ಕೆಲಸಕ್ಕೆ ಬಂದ ಹಳ್ಳಿಯ ಜನ ಅಲ್ಲಿಯೇ ಖರೀದಿಯನ್ನೂ ಮುಗಿಸಿಕೊಂಡು ಹಿಂದಿರುಗುತ್ತಾರೆ. ಪಾವಗಡವಾದರೋ ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿದ್ದು, ತುಮಕೂರಿಗೆ ಸುಮಾರು ೧೦೦ ಕಿಲೋಮೀಟರು ದೂರದಲ್ಲಿದೆ; ಅಲ್ಲಿಯವರಿಗೆ ಹಿಂದೂಪುರದ ಪೇಟೆಯೇ ಹತ್ತಿರ. ಇವೆಲ್ಲವೂ ಮಳೆ ಕಡಮೆಯ, ಕಡಲೆಕಾಯಿ ಬೆಳೆಯನ್ನು ಬಹುಕಾಲದಿಂದ ನಂಬಿಬಂದ ಸೀಮೆ. ಕೈಯಲ್ಲಿ ಹಣ ಓಡಾಡುವುದು ಬೆಳೆ ಬಂದಾಗ; ಉಳಿದ ತಿಂಗಳುಗಳಲ್ಲಿ ಅಂಗಡಿಯ ಉದ್ದರಿ ಲೆಕ್ಕವೇ ಸಂಸಾರವನ್ನು ನಡೆಸುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಯಂತ್ರದ ಕಥೆಗೆ ಬರೋಣ.

ಸೋನಿ ಕಂಪೆನಿಯು ೨೦೦೪ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ ಪೋರ್ಟಬಲ್ ಎಂಬ ಯಂತ್ರವನ್ನು ಹೊರತಂದಿತು. ಇದನ್ನು ಪಿಎಸ್‌ಪಿ ಎಂದು ಕರೆಯುವುದು ವಾಡಿಕೆ. ಇದರ ಆಟಗಳು ಯುಎಂಡಿ ಎಂಬ ಪುಟ್ಟ ಡಿಸ್ಕುಗಳಲ್ಲಿ ಬರುತ್ತಿದ್ದವು, ಒಂದೊಂದರಲ್ಲಿ ೧.೮ ಗಿಗಾಬೈಟಿನವರೆಗೆ ಮಾಹಿತಿ ಹಿಡಿಯುತ್ತಿತ್ತು. ಗ್ರಾಹಕನು ಅಂಗಡಿಯಲ್ಲಿ ಯಂತ್ರವನ್ನು ಕೊಂಡು, ಬೇಕಾದಾಗ ಡಿಸ್ಕುಗಳನ್ನು ಕೊಳ್ಳುವುದು ಕ್ರಮ. ೨೦೦೯ರ ಅಕ್ಟೋಬರ್ ೧ರಂದು ಅದೇ ಕಂಪೆನಿ ಅಮೆರಿಕ ಮತ್ತು ಯೂರೋಪುಗಳಲ್ಲಿ ಪಿಎಸ್‌ಪಿ ಗೋ ಎಂಬ ಹೊಸ ರೂಪವನ್ನು ಮಾರಾಟಕ್ಕಿಟ್ಟಿತು; ನವೆಂಬರ್ ೧ರಂದು ಜಪಾನಿನಲ್ಲಿಯೂ ಅದು ಬಂದಿತು. ಇದರಲ್ಲಿ ಡಿಸ್ಕು ಹಾಕುವ ಜಾಗವೇ ಇರಲಿಲ್ಲ. ಅದಕ್ಕೆ ಬದಲಾಗಿ ೧೬ ಗಿಗಾಬೈಟಿನ ಒಳಸಂಗ್ರಹವನ್ನು ಕೊಟ್ಟು, ಆಟಗಳೆಲ್ಲವನ್ನೂ ಕಂಪೆನಿಯ ಅಂತರ್ಜಾಲ ಮಳಿಗೆಯಿಂದಲೇ ಇಳಿಸಿಕೊಳ್ಳಬೇಕೆಂದು ವಿಧಿಸಲಾಯಿತು. ಹಳೆಯ ಯಂತ್ರಕ್ಕಾಗಿ ಡಿಸ್ಕುಗಳನ್ನು ಕೊಂಡಿದ್ದವರು ಅವುಗಳನ್ನು ಹೊಸ ಯಂತ್ರಕ್ಕೆ ಮಾರ್ಪಡಿಸಿಕೊಳ್ಳುವ ಏರ್ಪಾಡೂ ನೆರವೇರಲಿಲ್ಲ.

ಇಲ್ಲಿ ಬೆಲೆಯ ವಿಚಿತ್ರವನ್ನು ನೋಡಬೇಕು. ಡಿಸ್ಕು ತಿರುಗಿಸುವ ಯಂತ್ರಭಾಗವನ್ನು ತೆಗೆದುಹಾಕಿದ ಮೇಲೆ ಬೆಲೆ ಇಳಿಯಬೇಕೆಂದು ಯಾರಾದರೂ ಎಣಿಸುತ್ತಾರೆ. ಅಮೆರಿಕದಲ್ಲಿ ಡಿಸ್ಕಿನ ಪಿಎಸ್‌ಪಿಯ ಬೆಲೆ ಆಗ ೧೬೯.೯೯ ಡಾಲರು, ಡಿಸ್ಕಿಲ್ಲದ ಗೋ ಯಂತ್ರದ ಬೆಲೆ ೨೪೯.೯೯ ಡಾಲರು. ಅಂದರೆ ೮೦ ಡಾಲರು, ಸುಮಾರು ನೂರಕ್ಕೆ ೪೭ರಷ್ಟು, ಹೆಚ್ಚು. ಅಂದಿನ ವಿನಿಮಯ ದರದಲ್ಲಿ ಗೋ ಯಂತ್ರದ ಬೆಲೆ ನಮ್ಮ ಹಣದಲ್ಲಿ ಹನ್ನೊಂದು ಸಾವಿರ ರೂಪಾಯಿಗೂ ಮೀರುತ್ತದೆ. ಅದೇ ೨೦೦೯ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ಕರ್ನಾಟಕದಲ್ಲಿ ೧೦೦ ರೂಪಾಯಿಯನ್ನು ಮೀರಿರಲಿಲ್ಲ. ಒಂದು ಕುಟುಂಬಕ್ಕೆ ಖಾತರಿಯಿದ್ದುದು ವರ್ಷಕ್ಕೆ ೧೦೦ ದಿನದ ಕೆಲಸ. ಪಾವಗಡದ ಒಂದು ಕೂಲಿಯ ಕುಟುಂಬ ವರ್ಷದ ಖಾತರಿ ಕೂಲಿಯನ್ನೆಲ್ಲ ಕೂಡಿಟ್ಟರೂ ಈ ಯಂತ್ರವೊಂದು ಕೈಗೆ ಬರುತ್ತಿರಲಿಲ್ಲ. ಹೋಲಿಕೆ ಸ್ವಲ್ಪ ಒರಟಾಯಿತು ನಿಜ. ಯಂತ್ರವನ್ನು ಕೊಳ್ಳಬಹುದಾಗಿದ್ದವರು ಕೂಲಿಯವರಲ್ಲ, ಉಪಾಧ್ಯಾಯರು, ಸರ್ಕಾರಿ ನೌಕರರು, ವರ್ತಕರು ಇಂಥವರ ಮನೆಯ ಮಕ್ಕಳು. ಆದರೂ ಅಳತೆಗೋಲು ಯಾವುದೆಂದು ತಿಳಿದಿರುವುದು ಒಳ್ಳೆಯದು.

ಈ ಹೆಚ್ಚಿನ ಬೆಲೆಗೆ ಕಾರಣವೇನು? ಯಂತ್ರವು ಹೊಸದು, ಚಿಕ್ಕದು, ಹಗುರವಾದುದು, ಆದ್ದರಿಂದ ಶೋಕಿಗೆ ಬೆಲೆ ಎಂಬುದು ಒಂದು ಉತ್ತರ. ಒಳಸಂಗ್ರಹಕ್ಕೆ ತಗುಲುವ ವೆಚ್ಚ ಮತ್ತೊಂದು. ಇವೆರಡೂ ಸರಿಯೇ. ಆದರೆ ನನ್ನ ಅಭಿಪ್ರಾಯದಲ್ಲಿ ಇವುಗಳಿಗಿಂತ ಆಳವಾದ ಕಾರಣ ಚಿಲ್ಲರೆ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿದೆ.

ಅಮೆರಿಕದ ಗೇಮ್‌ಸ್ಟಾಪ್ ಎಂಬುದು ಆಟಗಳನ್ನೇ ಮಾರುವ ದೊಡ್ಡ ಅಂಗಡಿಗಳ ಸರಣಿ. ೨೦೦೯ರ ಸುಮಾರಿಗೆ ಅದರ ಒಟ್ಟು ಲಾಭಾಂಶದ ಪ್ರಮಾಣ ಹೀಗಿದ್ದಿತು: ಹೊಸ ಯಂತ್ರಗಳ ಮಾರಾಟದಲ್ಲಿ ನೂರಕ್ಕೆ ಆರೇಳು, ಹೊಸ ಆಟಗಳಲ್ಲಿ ಸುಮಾರು ೨೧, ಗಿರಾಕಿಗಳಿಂದ ಹಿಂದಕ್ಕೆ ಕೊಂಡು ಮತ್ತೆ ಮಾರುವ ಹಳೆಯ ಸರಕಿನಲ್ಲಿ ಸುಮಾರು ೪೭. ಯಂತ್ರವನ್ನು ಮಾರುವುದು ಅಂಗಡಿಯವನಿಗೆ ಬಾಗಿಲು ತೆರೆಯುವ ಕೆಲಸ ಮಾತ್ರ. ಅವನ ಹೊಟ್ಟೆ ತುಂಬುವುದು ಆ ಬಾಗಿಲಿನಿಂದ ಅನಂತರ ಬಂದುಹೋಗುವ ಆಟಗಳಿಂದ. ಒಂದು ಕಲ್ಪಿತ ಲೆಕ್ಕದಿಂದ ಇದು ವಿಶದವಾದೀತು. ಹತ್ತು ಸಾವಿರ ರೂಪಾಯಿಯ ಯಂತ್ರದಲ್ಲಿ ಅಂಗಡಿಯವನಿಗೆ ೬೫೦ ರೂಪಾಯಿ ಉಳಿಯುತ್ತದೆಂದು ಭಾವಿಸೋಣ. ಅದೇ ಗಿರಾಕಿ ಎರಡು ವರ್ಷಗಳಲ್ಲಿ ೧,೫೦೦ ರೂಪಾಯಿಯಂತೆ ಐದು ಆಟಗಳನ್ನು ಕೊಂಡರೆ, ನೂರಕ್ಕೆ ೨೧ರಂತೆ ೧,೫೭೫ ರೂಪಾಯಿ. ಅವುಗಳಲ್ಲಿ ಎರಡನ್ನು ಅವನು ಹಿಂದಕ್ಕೆ ಮಾರಿ, ಅವು ಮತ್ತೊಬ್ಬನಿಗೆ ಒಟ್ಟು ೨,೦೦೦ ರೂಪಾಯಿಗೆ ಹೋದರೆ, ನೂರಕ್ಕೆ ೪೭ರಂತೆ ೯೪೦ ರೂಪಾಯಿ. ಒಟ್ಟು ೩,೧೬೫ ರೂಪಾಯಿಯಲ್ಲಿ ಯಂತ್ರದಿಂದ ಬಂದುದು ಐದರಲ್ಲಿ ಒಂದು ಪಾಲು. ಆಟಗಳೆಲ್ಲ ಡೌನ್‌ಲೋಡಿನ ಮೂಲಕವೇ ಬರುವುದಾದರೆ ಅಂಗಡಿಯವನಿಗೆ ಆ ಒಂದು ಪಾಲಷ್ಟೇ ಉಳಿಯುತ್ತದೆ. ಉಳಿದ ೨,೫೧೫ ರೂಪಾಯಿಯ ನಷ್ಟವನ್ನು ಯಂತ್ರದ ಮೇಲೆಯೇ ತುಂಬಿಕೊಡಬೇಕಾದರೆ ಯಂತ್ರದ ಬೆಲೆಯನ್ನು ಕಾಲುಭಾಗದಷ್ಟು ಏರಿಸಬೇಕಾಗುತ್ತದೆ.

ಹೀಗೆ ತಯಾರಕನು ಇಕ್ಕಟ್ಟಿಗೆ ಸಿಕ್ಕುತ್ತಾನೆ. ಆಟಗಳಿಂದ ಬರುವ ಲಾಭವನ್ನು ನೆಚ್ಚಿ ಯಂತ್ರವನ್ನು ಅಗ್ಗವಾಗಿ ಮಾರುವುದು ಈ ಉದ್ಯಮದ ಹಳೆಯ ಕ್ರಮ. ಕ್ಷೌರದ ಹಿಡಿಯನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಲಾಭ ಪಡೆಯುವಂತೆ. ಡೌನ್‌ಲೋಡಿನಲ್ಲಿ ಅಂಗಡಿಯವನ ಪಾಲೂ ತಯಾರಕನಿಗೇ ಸೇರುವುದರಿಂದ ಯಂತ್ರವನ್ನು ಇನ್ನಷ್ಟು ಅಗ್ಗವಾಗಿ ಮಾರಲು ಅವನಿಗೆ ಅವಕಾಶವಿದೆ. ಆದರೆ ಅಗ್ಗವಾದ ಯಂತ್ರವನ್ನು ಅಂಗಡಿಯವನು ತನ್ನ ಗಾಜಿನ ಕಪಾಟಿನಲ್ಲಿ ಇಡಲಾರನು. ಇಡಲು ಒಪ್ಪಿಸಬೇಕಾದರೆ ಬೆಲೆ ಏರಬೇಕು. ಏರಿದರೆ ಪಕ್ಕದಲ್ಲಿಯೇ ಇರುವ ಡಿಸ್ಕಿನ ಯಂತ್ರ ಗಿರಾಕಿಯನ್ನು ಸೆಳೆದುಕೊಳ್ಳುತ್ತದೆ. ನೆದರ್ಲೆಂಡ್ಸ್ ದೇಶದ ನೆಡ್‌ಗೇಮ್ ಎಂಬ ಅಂಗಡಿಯು ಗೋ ಯಂತ್ರವನ್ನು ತಾನು ಮಾರುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿತು. ಮುಂದಿನ ವರ್ಷ ಕಂಪೆನಿ ಯೂರೋಪಿನಲ್ಲಿ ಯಂತ್ರದೊಡನೆ ಹತ್ತು ಆಟಗಳನ್ನು ಪುಕ್ಕಟೆಯಾಗಿ ಕೊಟ್ಟು ನೋಡಿತು. ೨೦೧೦ರ ಅಕ್ಟೋಬರಿನಲ್ಲಿ ಅಮೆರಿಕದ ಬೆಲೆಯನ್ನು ೧೯೯.೯೯ ಡಾಲರಿಗೂ, ಜಪಾನಿನ ಬೆಲೆಯನ್ನು ೨೬,೮೦೦ ಯೆನ್ನಿನಿಂದ ೧೬,೮೦೦ ಯೆನ್ನಿಗೂ ಇಳಿಸಿತು. ೨೦೧೧ರ ಏಪ್ರಿಲಿನಲ್ಲಿ ತಯಾರಿಕೆ ನಿಲ್ಲುವ ಸುದ್ದಿ ಬಂದಿತು. ಡಿಸ್ಕಿನ ಹಳೆಯ ಪಿಎಸ್‌ಪಿ ಅದಾದ ಮೇಲೂ ಮಾರಾಟವಾಗುತ್ತಲೇ ಇದ್ದಿತು.

ಗ್ರಾಹಕನ ಲೆಕ್ಕವೂ ಅಷ್ಟೇ ಮುಖ್ಯವಾದುದು. ಡಿಸ್ಕಿನ ಆಟವನ್ನು ೧,೫೦೦ ರೂಪಾಯಿಗೆ ಕೊಂಡು, ಆಡಿ ಮುಗಿಸಿ, ೭೦೦ಕ್ಕೆ ಮಾರಿದವನಿಗೆ ಆಟದ ನಿಜವಾದ ಬೆಲೆ ೮೦೦ ರೂಪಾಯಿ. ಡೌನ್‌ಲೋಡ್ ಮಾಡಿದ ಆಟವನ್ನು ಮಾರಲಾಗದು, ಅದಲುಬದಲು ಮಾಡಲಾಗದು, ನೆರೆಮನೆಯ ಹುಡುಗನಿಗೆ ಎರಡು ದಿನದ ಮಟ್ಟಿಗೆ ಕೊಡಲೂ ಆಗದು. ಆದುದರಿಂದ ನ್ಯಾಯವಾಗಿ ಅದರ ಬೆಲೆ ೮೦೦ರ ಆಸುಪಾಸಿನಲ್ಲಿರಬೇಕು. ವಸ್ತುತಃ ಹೊಸ ಆಟಗಳ ಡೌನ್‌ಲೋಡ್ ಬೆಲೆ ಬಹುಮಟ್ಟಿಗೆ ಡಿಸ್ಕಿನ ಬೆಲೆಗೆ ಸಮನಾಗಿಯೇ ಇದ್ದಿತು. ಕೆಲಕಾಲದ ಮೇಲೆ ಅಂಗಡಿಗಳು ಡಿಸ್ಕಿನ ಬೆಲೆಯನ್ನು ಇಳಿಸಿದಾಗ ಡೌನ್‌ಲೋಡೇ ದುಬಾರಿಯಾಗುತ್ತಿದ್ದುದೂ ಉಂಟು. ಅಂಗಡಿ ಬಾಡಿಗೆ, ಸಾಗಾಣಿಕೆ, ಡಿಸ್ಕು, ಡಬ್ಬಿ ಇವುಗಳ ವೆಚ್ಚ ತಪ್ಪಿದರೂ ಆ ಉಳಿತಾಯ ಗ್ರಾಹಕನಿಗೆ ಸೇರಲಿಲ್ಲ. ಮಾರುವವನು ಒಬ್ಬನೇ ಆದಲ್ಲಿ ಚೌಕಾಸಿಗೆ ಎಡೆಯಿಲ್ಲವೆಂಬುದು ಸಂತೆಗೆ ಹೋದವರೆಲ್ಲ ಬಲ್ಲ ವಿಷಯ.

ಇನ್ನು ಸಾಗಾಣಿಕೆಯ ವೆಚ್ಚ ನಿಜವಾಗಿ ತಪ್ಪಿತೆ ಎಂಬುದನ್ನೂ ವಿಚಾರಿಸಬೇಕು. ೨೦೦೪ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ನಮ್ಮ ದೇಶದಲ್ಲಿ ಸೆಕೆಂಡಿಗೆ ೨೫೬ ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಆ ಮಿತಿಯನ್ನು ೫೧೨ಕ್ಕೆ ಏರಿಸಿದ್ದು ೨೦೧೩ರಲ್ಲಿ. ೨ ಮೆಗಾಬಿಟ್‌ಗೆ ಏರಿಸಿದ್ದು ೨೦೨೩ರಲ್ಲಿ. ೨೫೬ರ ವೇಗದಲ್ಲಿ ಎಲ್ಲಿಯೂ ತಡೆಯಿಲ್ಲದೆ ಇಳಿದರೂ ಒಂದು ಗಿಗಾಬೈಟಿನ ಆಟಕ್ಕೆ ಎಂಟೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಡಿಸ್ಕಿನ ಪೂರ್ಣ ಗಾತ್ರವಾದ ೧.೮ ಗಿಗಾಬೈಟಿಗೆ ಹದಿನೈದೂವರೆ ಗಂಟೆಗೂ ಹೆಚ್ಚು. ಮಧುಗಿರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಡಿಸ್ಕು ಕೊಂಡು, ಊಟ ಮುಗಿಸಿ, ಸಂಜೆಗೆ ಮನೆ ಸೇರುವುದು ಇದಕ್ಕಿಂತ ಬೇಗ ಆಗುವ ಕೆಲಸ. ನಡುವೆ ವಿದ್ಯುತ್ತು ಹೋದರೆ ಏನೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಹಣ ಸಂದಾಯವೂ ಸುಲಭವಾಗಿರಲಿಲ್ಲ. ಅಂತರ್ಜಾಲದ ಖರೀದಿಗೆ ಬೇಕಾಗಿದ್ದುದು ಕ್ರೆಡಿಟ್ ಕಾರ್ಡು. ತಾಲ್ಲೂಕು ಪೇಟೆಗಳಲ್ಲಿ ಅದು ಆಗ ವಿರಳ. ಯುಪಿಐ ಬಂದದ್ದು ೨೦೧೬ರಲ್ಲಿ. ಅಂದರೆ ಅಂಗಡಿಯವನು ಮಾಡುತ್ತಿದ್ದ ಸಾಗಾಣಿಕೆ, ಸಂಗ್ರಹ, ಸಾಲ, ನಗದು ವಸೂಲಿ ಈ ನಾಲ್ಕು ಕೆಲಸಗಳೂ ಇಲ್ಲವಾಗಲಿಲ್ಲ. ಗ್ರಾಹಕನ ತಲೆಯ ಮೇಲೆ ಬಂದು ಕುಳಿತವು. ಯಂತ್ರದ ಡಬ್ಬಿಯ ಮೇಲೆ ಅಚ್ಚಾದ ಬೆಲೆಯಲ್ಲಿ ಇವುಗಳ ಲೆಕ್ಕ ಇರುವುದಿಲ್ಲ.

ಹಾಗಾದರೆ ಈ ತಾಲ್ಲೂಕುಗಳಲ್ಲಿ ಆಟದ ಯಂತ್ರಗಳೇ ಇರಲಿಲ್ಲವೆ? ಇದ್ದವು, ಅವು ಬಂದ ದಾರಿ ಬೇರೆ. ೧೯೯೦ರ ದಶಕದಲ್ಲಿ ಬೆಳೆದವರಿಗೆ ಬ್ರಿಕ್ ಗೇಮ್ ನೆನಪಿರಬೇಕು. ಬೂದುಬಣ್ಣದ ಪರದೆಯ ಮೇಲೆ ಇಟ್ಟಿಗೆಗಳು ಬೀಳುತ್ತಿದ್ದ, ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತಿದ್ದ ಆ ಕೈಯಂತ್ರವು ಫ್ಯಾನ್ಸಿ ಸ್ಟೋರುಗಳಲ್ಲಿಯೂ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿಯೂ ತೂಗಾಡುತ್ತಿದ್ದಿತು. ಅದರ ಮೇಲೆ ೯೯೯೯ ಆಟಗಳೆಂದು ಅಚ್ಚಾಗಿರುತ್ತಿತ್ತು. ಎಣಿಸಿ ನೋಡಿದವರಿಗೆ ಹತ್ತಿಪ್ಪತ್ತಕ್ಕಿಂತ ಹೆಚ್ಚು ಬಗೆ ದೊರೆಯುತ್ತಿರಲಿಲ್ಲ. ಆದರೂ ಅದು ಪ್ರಾಮಾಣಿಕ ವ್ಯಾಪಾರವೇ: ಕೊಟ್ಟ ಹಣಕ್ಕೆ ಯಂತ್ರವೂ ಆಟವೂ ಒಟ್ಟಿಗೆ ಕೈಗೆ ಬರುತ್ತಿದ್ದವು. ಅದಾದ ಮೇಲೆ ದೂರದರ್ಶನದ ಪೆಟ್ಟಿಗೆಗೆ ಜೋಡಿಸುವ ಕ್ಯಾಸೆಟ್ಟಿನ ಆಟಗಳು ಬಂದವು. ಇವುಗಳ ಕ್ಯಾಸೆಟ್ಟನ್ನು ಅಂಗಡಿಗೆ ಹಿಂದಿರುಗಿಸಿ, ಅಷ್ಟಿಷ್ಟು ಹಣ ಸೇರಿಸಿ, ಬೇರೊಂದನ್ನು ತರುವ ಪದ್ಧತಿ ನಮ್ಮ ಸಣ್ಣ ಊರುಗಳಲ್ಲಿ ಬಳಕೆಯಲ್ಲಿತ್ತು. ಗೇಮ್‌ಸ್ಟಾಪಿನ ನೂರಕ್ಕೆ ೪೭ರ ರಹಸ್ಯವನ್ನು ನಮ್ಮ ಫ್ಯಾನ್ಸಿ ಸ್ಟೋರಿನವನು ಯಾವ ವಾಣಿಜ್ಯ ಪದವಿಯೂ ಇಲ್ಲದೆ ಅರಿತಿದ್ದನು.

ಡೌನ್‌ಲೋಡ್ ಎಂಬುದು ಅಂಗಡಿಗೆ ಸ್ವಭಾವತಃ ಶತ್ರು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು. ಈ ತಪ್ಪನ್ನು ತಿದ್ದುವ ಎರಡು ನಿದರ್ಶನಗಳು ಇದೇ ಪೇಟೆಗಳಲ್ಲಿವೆ. ಮೊದಲನೆಯದು ಮೊಬೈಲಿಗೆ ಕರೆನ್ಸಿ ಹಾಕುವ ವ್ಯಾಪಾರ. ಕರೆನ್ಸಿಗೆ ತೂಕವಿಲ್ಲ, ಡಬ್ಬಿಯಿಲ್ಲ. ಆದರೂ ಅದನ್ನು ಮಾರದ ಊರಿರಲಿಲ್ಲ. ಎಲೆಅಡಿಕೆ ಅಂಗಡಿಯವನೂ, ದಿನಸಿ ಅಂಗಡಿಯವನೂ, ಔಷಧದ ಅಂಗಡಿಯವನೂ ನೂರಕ್ಕೆ ಎರಡು ಮೂರು ರೂಪಾಯಿಯ ಕಮಿಷನ್ನಿಗಾಗಿ ಅದನ್ನು ಮಾರಿದರು. ಲಾಭ ಅಲ್ಪ, ಆದರೆ ಬಂಡವಾಳ ದಿನಕ್ಕೆರಡು ಬಾರಿ ತಿರುಗುತ್ತಿತ್ತು, ಕರೆನ್ಸಿಗೆ ಬಂದವನು ಸೋಪನ್ನೂ ಕೊಂಡು ಹೋಗುತ್ತಿದ್ದನು. ಗಿರಾಕಿಗೆ ಕಾರ್ಡು ಬೇಕಿರಲಿಲ್ಲ, ಹತ್ತು ರೂಪಾಯಿ ನೋಟು ಸಾಕಾಗಿತ್ತು. ನಂಬಿಕೆಯಿದ್ದವನಿಗೆ ಕರೆನ್ಸಿಯೂ ಉದ್ದರಿ ಸಿಕ್ಕುತ್ತಿದ್ದಿತು. ದೊಡ್ಡ ದೂರವಾಣಿ ಕಂಪೆನಿಗಳು ಪಾವಗಡದ ಮೂಲೆಯ ಹಳ್ಳಿಯನ್ನು ತಲುಪಿದ್ದು ತಮ್ಮ ಗೋಪುರಗಳಿಂದ ಎಷ್ಟೋ, ಆ ಎರಡು ಮೂರು ರೂಪಾಯಿಯಿಂದಲೂ ಅಷ್ಟೇ.

ಎರಡನೆಯದು ಮೆಮೊರಿ ಕಾರ್ಡಿಗೆ ಹಾಡು ತುಂಬುವ ಅಂಗಡಿ. ೨೦೧೦ರ ಆಚೀಚಿನ ವರ್ಷಗಳಲ್ಲಿ ಬಸ್ ನಿಲ್ದಾಣದ ಬಳಿ ‘ಡೌನ್‌ಲೋಡಿಂಗ್ ಮಾಡಿಕೊಡಲಾಗುವುದು’ ಎಂಬ ಹಲಗೆ ಇಲ್ಲದ ತಾಲ್ಲೂಕು ಕೇಂದ್ರ ಅಪರೂಪ. ಗಿರಾಕಿಯು ಮೊಬೈಲಿನಿಂದ ಕಾರ್ಡನ್ನು ತೆಗೆದುಕೊಟ್ಟು ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ, ಅಂಗಡಿಯವನು ತನ್ನ ಕಂಪ್ಯೂಟರಿನಿಂದ ಹಾಡು, ಚಲನಚಿತ್ರ, ಸಣ್ಣ ಆಟಗಳನ್ನು ತುಂಬಿಕೊಡುತ್ತಿದ್ದನು. ಪಾವಗಡದ ಕಡೆಯ ಗಿರಾಕಿಗಳಿಗೆ ಕನ್ನಡದೊಡನೆ ತೆಲುಗೂ ಬೇಕೆಂಬುದನ್ನು ಯಾವ ದೂರದ ಮಳಿಗೆಗಿಂತಲೂ ಅವನು ಚೆನ್ನಾಗಿ ಬಲ್ಲನು. ಇದು ಬಹುತೇಕ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಿತ್ತು. ಹಾಡು ಕಟ್ಟಿದವನಿಗೆ ಒಂದು ಕಾಸೂ ತಲುಪುತ್ತಿರಲಿಲ್ಲ. ಇದನ್ನು ಸಮರ್ಥಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಒಂದು ಅಂಶವನ್ನು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿತು: ನಿಧಾನವಾದ ಸಂಪರ್ಕ, ಕಾರ್ಡಿಲ್ಲದ ಗಿರಾಕಿ, ಸಣ್ಣ ಮೊತ್ತ ಈ ಮೂರು ಅಡ್ಡಿಗಳನ್ನೂ ದಾಟಿ ಡೌನ್‌ಲೋಡನ್ನು ಮಾರಬಲ್ಲವನು ಅಂಗಡಿಯವನೇ.

ಇದನ್ನೇ ಕಾನೂನುಬದ್ಧವಾಗಿ ಮಾಡಿದ ಉದಾಹರಣೆಯೂ ಉಂಟು, ಅದು ಜಪಾನಿನದು. ಅಲ್ಲಿ ನಿಂಟೆಂಡೊ ಕಂಪೆನಿಯು ೧೯೮೬ರಲ್ಲಿ ತನ್ನ ಫ್ಯಾಮಿಕಾಮ್ ಯಂತ್ರಕ್ಕೆ, ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕಿನ ಜೋಡಣೆಯೊಂದನ್ನು ಹೊರತಂದು, ಆಟಿಕೆ ಅಂಗಡಿಗಳಲ್ಲಿ ಬರೆಯುವ ಯಂತ್ರಗಳನ್ನು ಇರಿಸಿತು. ಹುಡುಗನು ತನ್ನ ಹಳೆಯ ಡಿಸ್ಕನ್ನು ತಂದು ೫೦೦ ಯೆನ್ ಕೊಟ್ಟರೆ ಅಂಗಡಿಯಲ್ಲಿಯೇ ಹೊಸ ಆಟವನ್ನು ಬರೆದುಕೊಡುತ್ತಿದ್ದರು. ಹೊಸ ಡಿಸ್ಕಿನ ಆಟ ಕೊಳ್ಳಬೇಕಾದರೆ ಅದರ ಐದರಷ್ಟು ಹಣ ಬೇಕಾಗುತ್ತಿತ್ತು. ೧೯೯೭ರಲ್ಲಿ ಲಾಸನ್ ಎಂಬ ಸರಣಿ ಅಂಗಡಿಗಳಲ್ಲಿ ಇಂಥದೇ ಮತ್ತೊಂದು ಏರ್ಪಾಡು ಆರಂಭವಾಗಿ ೨೦೦೭ರವರೆಗೆ ನಡೆಯಿತು. ಶಿರಾ ಬಸ್ ನಿಲ್ದಾಣದ ಬಳಿಯ ಹಾಡು ತುಂಬುವವನಿಗೂ ಟೋಕಿಯೊ ನಗರದ ಆಟಿಕೆ ಅಂಗಡಿಯವನಿಗೂ ಕೆಲಸದಲ್ಲಿ ಭೇದವಿಲ್ಲ. ಭೇದವಿದ್ದುದು ಒಬ್ಬನಿಗೆ ಹಕ್ಕಿನ ಒಡೆಯನು ಪಾಲು ಕೊಟ್ಟನು, ಇನ್ನೊಬ್ಬನನ್ನು ಯಾರೂ ಕೇಳಲಿಲ್ಲ ಎಂಬುದರಲ್ಲಿ. ೨೦೦೯ರ ಹೊತ್ತಿಗೆ ಈ ಹಳೆಯ ಜಾಣತನವನ್ನು ಉದ್ಯಮವು ಮರೆತಿದ್ದುದು ಆಶ್ಚರ್ಯ.

೨೦೧೬ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ದತ್ತಾಂಶದ ಬೆಲೆ ಕುಸಿಯಿತು. ಹಾಡು ತುಂಬುವ ಅಂಗಡಿಗಳು ಒಂದೆರಡು ವರ್ಷಗಳಲ್ಲಿ ಮೊಬೈಲಿನ ಗಾಜು ಬದಲಾಯಿಸುವ, ಕವರು ಮಾರುವ ಅಂಗಡಿಗಳಾದವು. ಕರೆನ್ಸಿಯನ್ನು ಜನ ತಾವೇ ಹಾಕಿಕೊಳ್ಳತೊಡಗಿದರು. ಪ್ರತ್ಯೇಕವಾದ ಆಟದ ಯಂತ್ರವಿಲ್ಲದೆ ಮೊಬೈಲಿನಲ್ಲಿಯೇ ಆಟ ಬಂದಿತು; ಆಟದ ಬೆಲೆ ಸೊನ್ನೆ, ಆಟದೊಳಗಿನ ಸಾಮಗ್ರಿಗೆ ಮಾತ್ರ ಹಣ ಎಂಬ ಹೊಸ ಬೆಲೆಪದ್ಧತಿಯೂ ಬಂದಿತು. ಈ ಪದ್ಧತಿ ತಾಲ್ಲೂಕು ಪೇಟೆಯ ಹುಡುಗರನ್ನು ತಲುಪಿದ ವೇಗವನ್ನು ಡಿಸ್ಕಿನ ಯಂತ್ರವೂ ಡಿಸ್ಕಿಲ್ಲದ ಯಂತ್ರವೂ ಕನಸಿನಲ್ಲಿಯೂ ಕಂಡಿರಲಿಲ್ಲ.

ಈಗ ವೇಗದ ಅಡ್ಡಿ ಬಹುಮಟ್ಟಿಗೆ ತೊಲಗಿರುವುದರಿಂದ ಡಿಸ್ಕಿಲ್ಲದ ಕೈಯಂತ್ರ ಮತ್ತೆ ತಲೆಯೆತ್ತಿದೆ. ಅಮೆರಿಕದ ವಾಲ್ವ್ ಕಂಪೆನಿಯು ೨೦೨೨ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಎಂಬ ಯಂತ್ರವನ್ನು ೩೯೯ ಡಾಲರಿನಿಂದ ಮೊದಲುಗೊಂಡು ಮಾರತೊಡಗಿತು. ಅದು ಗೋ ಯಂತ್ರದಂತೆ ಸೋಲಲಿಲ್ಲ. ಕಾರಣ ಸ್ಪಷ್ಟ: ಅದನ್ನು ಕೊಂಡವರಲ್ಲಿ ಬಹುಮಂದಿಯ ಬಳಿ ಕಂಪ್ಯೂಟರಿಗಾಗಿ ವರ್ಷಗಳಿಂದ ಕೊಂಡಿಟ್ಟ ಆಟಗಳು ಆಗಲೇ ಇದ್ದವು, ಆ ಮಳಿಗೆಯಲ್ಲಿ ಭಾರಿ ರಿಯಾಯಿತಿಯ ಮಾರಾಟಗಳು ಪದೇ ಪದೇ ನಡೆಯುತ್ತವೆ, ಕಂಪೆನಿಯು ತನ್ನ ಜಾಲತಾಣದ ಮೂಲಕವೇ ಮಾರಿದ್ದರಿಂದ ಅಂಗಡಿಯವನ ಪಾಲನ್ನು ಬೆಲೆಯಲ್ಲಿ ಸೇರಿಸುವ ಪ್ರಮೇಯವೇ ಬರಲಿಲ್ಲ. ಗೋ ಯಂತ್ರದ ಮೂರು ದೋಷಗಳಿಗೂ ಇಲ್ಲಿ ಪರಿಹಾರವಿದೆ. ಆದರೆ ಮೂರನೆಯ ಪರಿಹಾರವೆಂದರೆ ಅಂಗಡಿಯನ್ನು ಕಥೆಯಿಂದಲೇ ತೆಗೆದುಹಾಕುವುದು. ನಮ್ಮ ದೇಶದಲ್ಲಿ ೨೦೨೩ರ ಜುಲೈಯಲ್ಲಿ ಆಸುಸ್ ಕಂಪೆನಿಯ ಆರ್‌ಒಜಿ ಅಲೈ ಎಂಬ ಇಂಥದೇ ಯಂತ್ರ ೬೯,೯೯೦ ರೂಪಾಯಿಗೆ ಬಿಡುಗಡೆಯಾಯಿತು. ಆ ಬೆಲೆಯ ಸರಕನ್ನು ಕೊರಟಗೆರೆಯ ಮೊಬೈಲ್ ಅಂಗಡಿಯವನು ಬಂಡವಾಳ ಹೂಡಿ ತರಿಸಿಟ್ಟು, ಗಿರಾಕಿಗಾಗಿ ಕಾಯುತ್ತ ಕುಳಿತರೆ, ಮಾರಿದ ದಿನ ಸಿಕ್ಕುವ ಅಲ್ಪ ಲಾಭವೇ ಮೊದಲನೆಯದೂ ಕೊನೆಯದೂ ಆಗುತ್ತದೆ. ಅವನು ತರಿಸದಿರುವುದೇ ವಿವೇಕ.

ಅಂಗಡಿಯವನು ತರಿಸದಿದ್ದರೇನು, ಬೇಕಾದವನು ಅಂತರ್ಜಾಲದಲ್ಲಿ ತರಿಸಿಕೊಳ್ಳುತ್ತಾನೆ ಎಂಬ ವಾದವಿದೆ. ಬೇಕಾದವನ ಮಟ್ಟಿಗೆ ಇದು ನಿಜ. ಆದರೆ ಈ ಪೇಟೆಗಳಲ್ಲಿ ಬಹುಮಂದಿಗೆ ‘ಬೇಕು’ ಎಂಬುದು ಹುಟ್ಟುವುದೇ ಅಂಗಡಿಯ ಗಾಜಿನ ಹಿಂದೆ ನೋಡಿ, ಕೈಯಲ್ಲಿ ಹಿಡಿದು, ಕೆಟ್ಟರೆ ಯಾರನ್ನು ಕೇಳಬೇಕೆಂದು ತಿಳಿದ ಮೇಲೆ. ಕೆಟ್ಟ ಯಂತ್ರವನ್ನು ಹಿಡಿದುಕೊಂಡು ಹೋಗಲು ಒಂದು ಮುಖ ಬೇಕು. ಈ ಭರವಸೆಗೂ ಬೆಲೆಯಿದೆ. ಅದನ್ನು ಇದುವರೆಗೆ ಅಂಗಡಿಯವನ ಲಾಭಾಂಶದಿಂದ ತೆರಲಾಗುತ್ತಿತ್ತು.

ಮಧ್ಯಮಾರ್ಗದ ಪ್ರಯತ್ನಗಳೂ ನಡೆದಿವೆ. ೨೦೨೫ರ ಜೂನ್ ೫ರಂದು ಬಿಡುಗಡೆಯಾದ ನಿಂಟೆಂಡೊ ಸ್ವಿಚ್ ೨ ಯಂತ್ರದ ಕೆಲವು ಆಟಗಳು ಗೇಮ್ ಕೀ ಕಾರ್ಡ್ ಎಂಬ ರೂಪದಲ್ಲಿ ಬರುತ್ತವೆ. ಕಾರ್ಡಿನಲ್ಲಿ ಆಟವಿರುವುದಿಲ್ಲ, ಅದರ ಬೀಗದ ಕೈ ಮಾತ್ರ ಇರುತ್ತದೆ. ಆಟವನ್ನು ಡೌನ್‌ಲೋಡ್ ಮಾಡಿಕೊಂಡು, ಆಡುವಾಗ ಕಾರ್ಡನ್ನು ಯಂತ್ರದಲ್ಲಿ ಇಟ್ಟಿರಬೇಕು. ಆಟಗಾರರಲ್ಲಿ ಅನೇಕರು ಇದನ್ನು ಹಳಿದಿದ್ದಾರೆ. ಅವರ ಕೋಪಕ್ಕೆ ಕಾರಣವಿದೆ. ಹಣ ಕೊಟ್ಟು ಖಾಲಿ ಡಬ್ಬಿ ತಂದಂತಾಯಿತೆಂಬುದು ಅವರ ಮಾತು. ಆದರೂ ಆ ಕಾರ್ಡನ್ನು ಅಂಗಡಿಯವನು ಮಾರಬಹುದು, ಗೆಳೆಯನಿಗೆ ಎರವಲು ಕೊಡಬಹುದು, ಆಡಿಯಾದ ಮೇಲೆ ಮಾರಲೂಬಹುದು. ಅಪ್ಪಟ ಡೌನ್‌ಲೋಡಿಗಿಂತ ಇದು ತಾಲ್ಲೂಕು ಪೇಟೆಯ ರೂಢಿಗೆ ಹತ್ತಿರವಾದುದೆಂದು ನನ್ನ ಎಣಿಕೆ. ಕಾನೂನಿನ ಕಡೆಯಿಂದಲೂ ಕದಲಿಕೆ ಕಾಣುತ್ತಿದೆ. ಡಿಜಿಟಲ್ ಸರಕನ್ನು ಮಾರುವವನು, ತಾನು ಮಾರುತ್ತಿರುವುದು ಒಡೆತನವನ್ನಲ್ಲ, ಬಳಸುವ ಪರವಾನಗಿಯನ್ನು ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಶಾಸನವೊಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ೨೦೨೫ರ ಜನವರಿಯಿಂದ ಜಾರಿಗೆ ಬಂದಿದೆ.

ಒಡೆತನಕ್ಕೂ ಪರವಾನಗಿಗೂ ಇರುವ ಅಂತರವು ಹಳೆಯ ಯಂತ್ರಗಳ ಮಾರುಕಟ್ಟೆಯಲ್ಲಿ ಕಣ್ಣಿಗೆ ಬೀಳುತ್ತದೆ. ಸಣ್ಣ ಊರಿನ ಗಿರಾಕಿಗೆ ದುಬಾರಿ ಯಂತ್ರಗಳು ದೊರೆಯುವುದೇ ಹೆಚ್ಚಾಗಿ ಎರಡನೆಯ ಕೈಯಲ್ಲಿ; ಬೆಂಗಳೂರಿನ ನೆಂಟರ ಮನೆಯಲ್ಲಿ ಬಳಸಿ ಬಿಟ್ಟದ್ದು, ನಾಲ್ಕೈದು ವರ್ಷ ತಡವಾಗಿ, ಇಲ್ಲಿಗೆ ಬರುತ್ತದೆ. ೨೦೨೧ರ ಜುಲೈ ೨ರಂದು ಸೋನಿ ಕಂಪೆನಿಯು ಪಿಎಸ್‌ಪಿ ಆಟಗಳ ಮಾರಾಟಕ್ಕೆ ಅಂತರ್ಜಾಲ ಮಳಿಗೆಯಲ್ಲಿ ಮಾಡಿದ್ದ ಏರ್ಪಾಡನ್ನು ಬಹುಮಟ್ಟಿಗೆ ಕೈಬಿಟ್ಟಿತು. ಆ ದಿನದ ಮೇಲೆ ಡಿಸ್ಕಿನ ಹಳೆಯ ಪಿಎಸ್‌ಪಿ ಒಂದನ್ನು ನಾಲ್ಕು ಡಿಸ್ಕುಗಳೊಡನೆ ಕೊಂಡ ಹುಡುಗನು ನಾಲ್ಕು ಆಟಗಳನ್ನು ಆಡಬಲ್ಲನು. ಐದನೆಯ ಡಿಸ್ಕನ್ನು ಎಲ್ಲಿಯಾದರೂ ಹುಡುಕಿ ತಂದರೆ ಐದನ್ನು. ಗೋ ಯಂತ್ರವನ್ನು ಕೊಂಡವನಿಗೆ, ಹಿಂದಿನ ಒಡೆಯನು ಅದರ ೧೬ ಗಿಗಾಬೈಟಿನಲ್ಲಿ ಏನನ್ನು ಅಳಿಸದೆ ಬಿಟ್ಟಿದ್ದಾನೆಯೋ ಬಹುಮಟ್ಟಿಗೆ ಅಷ್ಟೇ.